‘ಬೇಕೇ ಬೇಕು’ ಮತ್ತು ‘ನಾಕಾ’

ನವಲಗುಂದದ ಹತ್ತಿರ ನಮ್ಮೂರಲ್ಲಿರುವ ಅಣ್ಣ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುವುದು ಮಳೆ ಸುದ್ದಿ. ‘ನಿಮ್ಮ ಕಡೆ ಹೆಂಗೈತಿ?’ ಗೋವಾದಲ್ಲಿ ಜುಲೈ ತಿಂಗಳ ಮಳೆ ಹೇಗಿರುತ್ತದೆ ಎಂದು ಯಾರಾದರೂ ಕೇಳಬೇಕಾ? ಸುರೀತಾನೇ ಇರುತ್ತದೆ. ಹಾಗಂತ ಹೇಳಿದರೆ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಿಟ್ಟುಸಿರು. ‘ಎಲ್ಲಾ ಸಮುದ್ರಕ್ಕ ಹೊಂಟೈತಿ ನೋಡು.’

ನಾನು ಗೋವಾಕ್ಕೆ ಬಂದು ಇಪ್ಪತ್ತೈದು ವರ್ಷ ಮೀರಿತು. ಫೋಂಡಾ ಪಕ್ಕದ ಒಂದು ಹಳ್ಳಿಯಲ್ಲಿ ಮನೆ, ಉಸ್ಗಾಂವ್ ರಸ್ತೆಯಲ್ಲಿ ಟೈರ್ ಅಂಗಡಿ. ನಮ್ಮ ಮನೆ ನಲ್ಲಿಗೆ ಬರುವುದು ಓಪಾದ ನೀರು. ಓಪಾ ಇರುವುದು ಖಾಂಡೇಪಾರ್ ಹೊಳೆಯ ದಂಡೆಯಲ್ಲಿ. ಆ ಹೊಳೆ ಮುಂದೆ ಹೋಗಿ ಮಹದಾಯಿಯನ್ನು ಸೇರುತ್ತದೆ. ಅಂದರೆ ಅಣ್ಣ ಯಾವ ನದಿಯ ನೀರಿಗಾಗಿ ನರಗುಂದದ ಧರಣಿ ಪೆಂಡಾಲಿನಲ್ಲಿ ಕೂತು ಬಂದನೋ, ಅದೇ ನದಿಯ ಮನೆತನದ ನೀರನ್ನು ನಾನು ದಿನಾ ಬೆಳಗ್ಗೆ ಕೊಡದಲ್ಲಿ ಹಿಡಿದಿಡುತ್ತೇನೆ.

2016ರ ಜುಲೈನಲ್ಲಿ ಕರ್ನಾಟಕ ಕೇಳಿದ್ದ 7.56 ಟಿಎಂಸಿ ನೀರಿನ ಮಧ್ಯಂತರ ಅರ್ಜಿಯನ್ನು ಮಹದಾಯಿ ನ್ಯಾಯಮಂಡಳಿ ತಳ್ಳಿಹಾಕಿತು. ನವಲಗುಂದ ಹೊತ್ತಿ ಉರಿಯಿತು. ಆಮೇಲೆ ಲಾಠಿ, ಕೇಸು, ಬಂದ್. ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಊಟಕ್ಕೆ ಕೂತಿದ್ದೆವು. ಅಣ್ಣ ಎಲ್ಲರ ಎದುರೇ ಕೇಳಿದ, ‘ಖರೇ ಹೇಳು. ನೀ ಯಾರ ಕಡೆ?’ ಬಾಯಲ್ಲಿ ಹೋಳಿಗೆ ಇತ್ತು, ಬಚಾವಾದೆ.

ಅವತ್ತಿನಿಂದ ಈ ಪ್ರಶ್ನೆ ತಲೆಯಲ್ಲಿ ಕೂತಿದೆ. ಎರಡೂ ಕಡೆಯ ಜನ ನೆಲ ಜಲ ಅಂತ ಬಂದಾಗ ಹೇಗೆ ಒಂದಾಗುತ್ತಾರೆ, ಎಲ್ಲಿ ಒಡೆಯುತ್ತಾರೆ ಎಂದು ನೋಡುವುದು ಒಂಥರಾ ಚಟವೇ ಆಗಿದೆ.

ಮೊದಲು ನದಿಯ ಲೆಕ್ಕ ಹೇಳಿಬಿಡುತ್ತೇನೆ. ಮಹದಾಯಿ ಹುಟ್ಟುವುದು ಖಾನಾಪುರ ತಾಲೂಕಿನಲ್ಲಿ. ಕರ್ನಾಟಕದೊಳಗೆ ಸುಮಾರು 35 ಕಿಲೋಮೀಟರ್ ಹರಿದು ಗೋವಾಕ್ಕೆ ಇಳಿಯುತ್ತದೆ. ಅಲ್ಲಿ ಅದು ಮ್ಹಾದಯ್, ಕೆಳಗೆ ಮಾಂಡವಿ. ಅದೇ ಖಾನಾಪುರದ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಪೂರ್ವಕ್ಕೆ ತಿರುಗುತ್ತಾಳೆ. ಒಂದೇ ಕಾಡು, ಒಂದೇ ಮಳೆ. ಒಬ್ಬಳು ಅರಬ್ಬಿ ಸಮುದ್ರಕ್ಕೆ, ಇನ್ನೊಬ್ಬಳು ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ. ಮಹದಾಯಿಗೆ ಸೇರುವ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಯ ಕಡೆಗೆ ತಿರುಗಿಸಬೇಕು ಎನ್ನುವುದು ನಮ್ಮವರ ಬೇಡಿಕೆ. ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ 8 ಟಿಎಂಸಿ ವಿದ್ಯುತ್ತಿಗೆ. ಮಲಪ್ರಭೆಗೆ ತಿರುಗಿಸಬಹುದಾದದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ. ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33.

ಇಷ್ಟು ನೀರಿಗೆ ಎರಡು ರಾಜ್ಯಗಳ ರಾಜಕೀಯ ಹೇಗೆ ಒಂದಾಗಿದೆ ನೋಡಿ. ಕರ್ನಾಟಕದಲ್ಲಿ 2006ರಲ್ಲಿ ಜೆಡಿಎಸ್ ಬಿಜೆಪಿ ಸರ್ಕಾರ ಕಣಕುಂಬಿಯಲ್ಲಿ ಅಡಿಗಲ್ಲು ಹಾಕಿತು. ಮುಂದೆ ಬಂದ ಕಾಂಗ್ರೆಸ್ಸೂ ಅದೇ ಯೋಜನೆ ಹಿಡಿದು ವಾದ ಮಾಡಿತು. 2015ರಲ್ಲಿ ಚಿತ್ರರಂಗದವರು ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದು ಮೆರವಣಿಗೆ ಮಾಡಿದರು. ಮಠಗಳು, ವಕೀಲರು, ಆಟೋದವರು ಎಲ್ಲರೂ ಒಂದು. ಇನ್ನು ಗೋವಾ? 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಕರ್ನಾಟಕದ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟಿತು. ಆಗ ದಿಲ್ಲಿ, ಬೆಂಗಳೂರು, ಪಣಜಿ ಮೂರೂ ಕಡೆ ಬಿಜೆಪಿ ಸರ್ಕಾರವೇ. ಆದರೂ ಮುಂದಿನ ತಿಂಗಳು ಗೋವಾ ವಿಧಾನಸಭೆ ಅದರ ವಿರುದ್ಧ ಒಮ್ಮತದ ನಿರ್ಣಯ ಮಾಡಿತು. ಒಂದೇ ಪಕ್ಷ, ಘಟ್ಟ ಹತ್ತಿದರೆ ಒಂದು ಮಾತು, ಇಳಿದರೆ ಇನ್ನೊಂದು.

ಪಕ್ಷ ಮರೆತು ಒಂದಾದರು ಎಂದು ಇದಕ್ಕೆ ಚಪ್ಪಾಳೆ ತಟ್ಟಬೇಕಾ? ನನಗೆ ಮನಸ್ಸು ಬರುವುದಿಲ್ಲ. ಬೈಯಲು ಗಡಿಯಾಚೆ ಒಬ್ಬ ಸಿಕ್ಕರೆ ಮನೆಯೊಳಗೆ ಎಲ್ಲರೂ ಅಣ್ಣತಮ್ಮಂದಿರೇ. 2018ರ ಜನವರಿಯಲ್ಲಿ ಗೋವಾದ ಮಂತ್ರಿಯೊಬ್ಬರು ಕನ್ನಡಿಗರಿಗೆ ಕೆಟ್ಟ ಮಾತಲ್ಲಿ ಬೈದು, ಆಮೇಲೆ ಮಾತು ವಾಪಸ್ ತೆಗೆದುಕೊಂಡರು. ಆ ವಾರ ನನ್ನ ಅಂಗಡಿಯ ಕನ್ನಡ ಬೋರ್ಡನ್ನು ನಾನೇ ಒಳಗಿಟ್ಟಿದ್ದೆ. ಯಾರೂ ಏನೂ ಅನ್ನಲಿಲ್ಲ, ಸುಮ್ನೆ ಭಯ. ಅದೇ ತಿಂಗಳು ನಮ್ಮವರ ಬಂದ್. ಬಸ್ಸಿಲ್ಲ, ಬೆಳಗಾವಿಯಿಂದ ಬರುವ ತರಕಾರಿ ಲಾರಿಯೂ ಇಲ್ಲ. ಪಕ್ಕದ ಅಂಗಡಿಯವನು ನಗುತ್ತಲೇ ಕೇಳಿದ, ‘ನಿಮ್ಮವರು ನಮಗೆ ಮೆಣಸಿನಕಾಯಿ ಕೊಡಲ್ಲ, ನೀರು ಮಾತ್ರ ಬೇಕಾ?’

ಇಂಥ ಒಗ್ಗಟ್ಟಿಗೆ ಖರ್ಚಿಲ್ಲ. ತನ್ನ ಕಡೆಯವನ ಮುಂದೆ ನಿಂತು ‘ಇದು ತಪ್ಪು’ ಎನ್ನಬೇಕಾಗಿ ಬಂದಾಗ ಗೊತ್ತಾಗುತ್ತದೆ ಕಷ್ಟ.

ಅದನ್ನು ನಾನು ಹತ್ತಿರದಿಂದ ನೋಡಿದ್ದು ನಮ್ಮ ಹಳ್ಳಿಯ ಗ್ರಾಮಸಭೆಯಲ್ಲಿ. ಗೋವಾದಲ್ಲಿ ಗ್ರಾಮಸಭೆ ಹೆಚ್ಚಾಗಿ ಭಾನುವಾರ. ಬೆಳಗ್ಗೆ ಮೀನು ತಂದಿಟ್ಟು, ಹತ್ತು ಗಂಟೆಗೆ ಸಭೆಗೆ ಬಂದು, ಜಗಳವಾಡಿ, ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುವುದು ಇಲ್ಲಿಯ ಪದ್ಧತಿ. ನಮ್ಮೂರಲ್ಲಿ ನಾನು ಕಂಡ ಗ್ರಾಮಸಭೆ ಎಂದರೆ ಆಶ್ರಯ ಮನೆ ಪಟ್ಟಿ. ಯಾರ ಹೆಸರು ಬಂತು, ಯಾರದು ಬಿಟ್ಟಿತು, ಅಷ್ಟೇ. ಅದು ಮುಗಿದ ಮೇಲೆ ಟೆಂಟಿನ ಕೆಳಗೆ ಕುರ್ಚಿ ಬಿಟ್ಟರೆ ಯಾರೂ ಇರುವುದಿಲ್ಲ. ಇಲ್ಲಿ ಮೊದಲ ಸಲ ಹೋದಾಗ ನನಗೆ ದಂಗು ಬಡಿಯಿತು. ಎಪ್ಪತ್ತು ದಾಟಿದ ಮುದುಕಿಯೊಬ್ಬಳು ಸರ್ಪಂಚರಿಗೆ ಬೆರಳು ತೋರಿಸಿ, ‘ಹೋದ ಸಲದ ನಡಾವಳಿ ಓದು’ ಎನ್ನುತ್ತಿದ್ದಳು.

ಆ ವರ್ಷ ನಮ್ಮ ಹಳ್ಳಿಯ ಹಿಂದಿನ ಗುಡ್ಡಕ್ಕೆ ಜೆಸಿಬಿ ಬಂದಿತ್ತು. ಪ್ಲಾಟು ಮಾಡಿ ಮಾರುತ್ತಾರಂತೆ, ದಿಲ್ಲಿಯವರು ಮುಂಗಡ ಕೊಟ್ಟಿದ್ದಾರಂತೆ ಎಂದು ಸುದ್ದಿ. ಗುಡ್ಡದ ಬುಡದಲ್ಲಿ ಒಂದು ಝರಿ ಇದೆ. ಅದರ ನೀರಿನಿಂದಲೇ ಕೆಳಗಿನ ಕುಳಾಗರ್‌ಗಳು ಬದುಕುವುದು. ಕುಳಾಗರ್ ಅಂದರೆ ನಮ್ಮ ಶಿರಸಿ ಕಡೆಯ ಅಡಿಕೆ ತೋಟದ ಹಾಗೆಯೇ, ಅಡಿಕೆ, ಬಾಳೆ, ಮೆಣಸು, ಮಧ್ಯೆ ಒಂದೆರಡು ಹಲಸು. ಮೊದಲ ಮಳೆಗೆ ಗುಡ್ಡದ ಕೆಂಪು ಮಣ್ಣು ಇಳಿದು ಝರಿ ಚಹಾದ ಬಣ್ಣಕ್ಕೆ ತಿರುಗಿತು. ನಮ್ಮ ಬಾವಿಯಲ್ಲೂ ಎರಡು ದಿನ ಕೆಸರು.

ಸಭೆ ಸೇರಿತು. ಬಿಜೆಪಿಯ ಪಂಚ, ಅಂದರೆ ಪಂಚಾಯ್ತಿ ಸದಸ್ಯ, ಒಬ್ಬರು, ಅವರದೇ ಕುಳಾಗರ್ ಕೆಳಗಿತ್ತು. ತಲೆಮಾರಿನಿಂದ ಕಾಂಗ್ರೆಸ್ಸಿಗೇ ಓಟು ಹಾಕಿದ ಮನೆಯ ನಿವೃತ್ತ ಮೇಷ್ಟ್ರು, ಕ್ರಿಶ್ಚಿಯನ್ನರು. ಸಿಂಹದ ಗುರುತಿನ ಗೋವಾದ ಹಳೇ ಪಕ್ಷ ಎಂಜಿಪಿ ಬಿಟ್ಟು ಬೇರೆಯದು ಗೊತ್ತೇ ಇಲ್ಲದ ಒಬ್ಬ ಅಜ್ಜ. ಮತ್ತೆ ಗೋವಾ ಗೋವಾದವರಿಗೇ ಇರಬೇಕು ಎನ್ನುವ ಗುಂಪಿನ ಒಬ್ಬ ಹುಡುಗ. ನಾನು ಬಾಯಿ ತೆರೆದದ್ದೇ ತಡ, ಅವನು ಎದ್ದು ನಿಂತ. ‘ಈ ಘಾಂಟಿಗಳಿಗೆ ಇಲ್ಲೇನು ಕೆಲಸ?’ ಘಟ್ಟದ ಮೇಲಿಂದ ಬಂದವರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಅದು ಬೈಗುಳವೇ, ಬಿಡಿ. ನಾನು ಕೂತುಬಿಟ್ಟೆ. ಅಜ್ಜ ಮಾತ್ರ ಕೂತಲ್ಲಿಂದಲೇ ಹೇಳಿದರು, ‘ಅವನ ಬಾವಿ ಎಲ್ಲಿ ತೋಡಿದ್ದು, ಬೆಳಗಾವಿಯಲ್ಲಾ? ಇದೇ ಮಣ್ಣಲ್ಲಿ ತಾನೇ?’ ಸಭೆ ನಕ್ಕಿತು. ಹುಡುಗನೂ ಕೂತ.

ಆಮೇಲೆ ಶುರುವಾಯಿತು ನಿಜವಾದ ಜಗಳ. ಮಣ್ಣು ಬಂದಿದೆ ಎನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ನಿರ್ಣಯದಲ್ಲಿ ಏನು ಬರೆಯಬೇಕು ಎನ್ನುವುದಕ್ಕೇ ಜಗಳ. ಒಬ್ಬರಿಗೆ ಶಾಸಕರನ್ನು ಖಂಡಿಸಬೇಕು. ಇನ್ನೊಬ್ಬರಿಗೆ ಹಿಂದಿನ ಸರ್ಕಾರ ಕೊಟ್ಟ ಪರವಾನಗಿ ಎಂದು ಸೇರಿಸಬೇಕು. ಹುಡುಗನಿಗೆ ‘ಹೊರಗಿನವರಿಗೆ ಜಮೀನು ಮಾರಬಾರದು’ ಎಂದು ಬೇಕು. ಒಂದು ಗಂಟೆ ಹೀಗೇ ಹೋಯಿತು. ಕೊನೆಗೆ ಮೇಷ್ಟ್ರು ಸೆಕ್ರೆಟರಿಯ ಕೈಯಿಂದ ಪೆನ್ನು ತೆಗೆದುಕೊಂಡು ಒಂದು ಸಾಲು ಬರೆದರು: ‘ಝರಿಯ ಮೇಲಿನ ಗುಡ್ಡ ಕಡಿಯಬಾರದು, ಬಿದ್ದ ಮಣ್ಣು ತೆಗೆಸಬೇಕು.’ ಅಷ್ಟೇ. ‘ಇದಕ್ಕೆ ಒಪ್ಪದವರು ಯಾರು, ಕೈ ಎತ್ತಿ’ ಎಂದರು. ಒಂದೂ ಕೈ ಏಳಲಿಲ್ಲ. ‘ಇದಕ್ಕಿಂತ ಒಂದು ಪದ ಜಾಸ್ತಿ ಸೇರಿಸಿದರೂ ಅರ್ಧ ಜನ ಎದ್ದು ಹೋಗುತ್ತಾರೆ, ಬೇಕಾದರೆ ನೋಡಿ’ ಎಂದು ನಕ್ಕರು.

ನನಗೆ ಆ ಮನುಷ್ಯನ ಚಾಲಾಕಿ ಈಗಲೂ ಬೆರಗು. ಯಾರ ಪಕ್ಷವನ್ನೂ ಬದಲಿಸಲು ಅವರು ಹೋಗಲಿಲ್ಲ, ಪರಿಸರದ ಬಗ್ಗೆ ಭಾಷಣವನ್ನೂ ಮಾಡಲಿಲ್ಲ. ಎಲ್ಲರ ಕಾಲು ಊರುವಷ್ಟು ಜಾಗ ಎಲ್ಲಿದೆ ಎಂದು ಹುಡುಕಿ, ಅಷ್ಟಕ್ಕೆ ಮಾತ್ರ ಗೆರೆ ಎಳೆದರು. ಒಂದೇ ಸಾಲು ಎಂದು ತೋರುತ್ತದೆ. ಆದರೆ ಬಿಜೆಪಿಯ ಪಂಚರಿಗೆ ಅದಕ್ಕೆ ಸಹಿ ಹಾಕುವುದು ಸುಲಭವಿರಲಿಲ್ಲ, ಜೆಸಿಬಿಯವನು ಅವರ ಪಕ್ಷಕ್ಕೇ ಬೇಕಾದವನು. ಹಾಕಿದರು. ಎರಡು ದಿನ ಆದಮೇಲೆ ಅಂಗಡಿಗೆ ಬಂದು, ‘ಮೇಲಿಂದ ಫೋನ್ ಬಂತು, ನನ್ನ ತೋಟಕ್ಕೆ ನೀರು ನೀವು ಬಿಡ್ತೀರಾ ಅಂದೆ’ ಎಂದರು.

ಗುಡ್ಡ ಪೂರ್ತಿ ಉಳಿಯಿತು ಎಂದರೆ ಸುಳ್ಳಾಗುತ್ತದೆ. ಝರಿಯ ಮೇಲಿನ ಭಾಗ ಉಳಿದಿದೆ. ಗುಡ್ಡದ ಇನ್ನೊಂದು ಬದಿಯಲ್ಲಿ ಈಗ ನಾಲ್ಕು ಬಂಗಲೆ ಎದ್ದಿವೆ, ವರ್ಷದಲ್ಲಿ ಹತ್ತು ದಿನ ದೀಪ ಉರಿಯುತ್ತದೆ. ಆ ಹುಡುಗ ಈಗಲೂ ನನ್ನನ್ನು ಘಾಂಟಿ ಎಂದೇ ಕರೆಯುತ್ತಾನೆ, ಪಂಕ್ಚರ್ ಹಾಕಿಸಲು ಮಾತ್ರ ನಮ್ಮಲ್ಲಿಗೇ ಬರುತ್ತಾನೆ.

ನಮ್ಮ ಕಡೆ ಹೋರಾಟ ಎಂದರೆ ‘ಬೇಕೇ ಬೇಕು’. ನೀರು ಬೇಕು, ರೈಲು ಬೇಕು, ನ್ಯಾಯ ಬೇಕು. ಇಲ್ಲಿ ಕೊಂಕಣಿಯಲ್ಲಿ ಕೂಗುವುದು ‘ನಾಕಾ’, ಬೇಡ. ಕಲ್ಲಿದ್ದಲು ಬೇಡ, ಹೆದ್ದಾರಿ ಬೇಡ. ಮೊದಮೊದಲು ನನಗೆ ಇದು ಹೊಟ್ಟೆ ತುಂಬಿದವರ ಮಾತು ಅನ್ನಿಸುತ್ತಿತ್ತು. ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ನಿಂತು ಬೇಡ ಎನ್ನುವುದು ಸುಲಭ ಅಲ್ವಾ? ನವಲಗುಂದದಲ್ಲಿ ಎರೆಹೊಲ ಬಿರುಕು ಬಿಟ್ಟಾಗ ಯಾರು ಬೇಡ ಎಂದಾರು?

2020ರಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಅಲ್ಲಾಡಿತು. ಆ ಏಪ್ರಿಲ್‌ನಲ್ಲಿ ದೇಶವೆಲ್ಲ ಲಾಕ್‌ಡೌನ್. ಆಗಲೇ ಮೊಲ್ಲೆಮ್ ಕಾಡಿನ ಮೂಲಕ ಹಾದುಹೋಗುವ ಯೋಜನೆಗಳಿಗೆ ವಿಡಿಯೋ ಸಭೆಯಲ್ಲಿ ಒಪ್ಪಿಗೆ ಬಂತು. ಜೋಡಿ ರೈಲು ಹಳಿ, ನಾಲ್ಕು ಪಥದ ಹೆದ್ದಾರಿ, ದೊಡ್ಡ ವಿದ್ಯುತ್ ಲೈನು, ಈ ಮೂರರ ಹೆಸರೂ ಒಟ್ಟಿಗೇ ಕೇಳಿಬರುತ್ತಿತ್ತು. ವಿದ್ಯಾರ್ಥಿಗಳು, ವಿಜ್ಞಾನಿಗಳು, ಹೋಟೆಲಿನವರು, ಚಿತ್ರ ಬರೆಯುವವರು ಎಲ್ಲರೂ ಪತ್ರ ಬರೆದರು. ನವೆಂಬರ್ 1ರ ರಾತ್ರಿ ಚಾಂದೋರಿನಲ್ಲಿ ಸಾವಿರಾರು ಜನ ಮೇಣದಬತ್ತಿ ಹಿಡಿದು ಬಂದು ಹಳಿಯ ಮೇಲೆ ಕೂತರು, ಬೆಳಗಿನ ಜಾವದವರೆಗೆ. ಇಗರ್ಜಿಗೆ ಹೋಗುವವರು, ದೇವಸ್ಥಾನಕ್ಕೆ ಹೋಗುವವರು, ಎರಡಕ್ಕೂ ಹೋಗದವರು ಎಲ್ಲರೂ ಇದ್ದರು. ವಿರೋಧ ಪಕ್ಷಗಳವರೂ ಬಂದಿದ್ದರು, ಆದರೆ ಜನ ಅವರ ಹಿಂದೆ ಬಂದದ್ದಲ್ಲ, ಅವರೇ ಜನರ ಹಿಂದೆ ಬಂದದ್ದು. 2022ರ ಮೇ 9ರಂದು ಸುಪ್ರೀಂ ಕೋರ್ಟ್ ಕ್ಯಾಸಲ್‌ರಾಕ್ ಕುಳೆಂ ಕಡೆಯ ಜೋಡಿ ಹಳಿಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದು ಮಾಡಿತು.

ಆ ಹಳಿಯ ಮೇಲೆ ಹೋಗುವ ಕಲ್ಲಿದ್ದಲು ಎಲ್ಲಿಗೆ ಹೋಗುತ್ತದೆ ಗೊತ್ತಾ? ನಮ್ಮ ಬಳ್ಳಾರಿ ಕಡೆಗೆ, ಉಕ್ಕಿನ ಕಾರ್ಖಾನೆಗಳಿಗೆ. ಮುರ್ಗಾಂವ್ ಬಂದರಿನಲ್ಲಿ ಇಳಿದು, ವಾಸ್ಕೋ ದಾಟಿ, ಘಟ್ಟ ಹತ್ತುತ್ತದೆ. ವಾಸ್ಕೋದ ಬಾಯ್ನಾ, ಪಕ್ಕದ ಝುವಾರಿನಗರದಲ್ಲಿ ಇರುವವರು ಹೆಚ್ಚಾಗಿ ಯಾರು? ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದವರು. ನನ್ನ ಹೆಂಡತಿಯ ಅಕ್ಕನ ಮನೆ ವಾಸ್ಕೋದಲ್ಲೇ. ಅವಳು ಒಣಗಲು ಹಾಕಿದ ಬಿಳಿ ಪಂಚೆಯನ್ನು ಸಂಜೆ ಝಾಡಿಸದೆ ಮಡಚುವುದಿಲ್ಲ. ಕರ್ನಾಟಕದ ಬೆಂಕಿಗೆ ಹೋಗುವ ಕರಿಮಣ್ಣು ಕರ್ನಾಟಕದವರದೇ ಮೂಗಿಗೆ. ಆದರೂ ಚಾಂದೋರಿನ ಆ ರಾತ್ರಿ ನಮ್ಮವರು ಎಷ್ಟು ಜನ ಇದ್ದರು? ಬಹಳ ಕಮ್ಮಿ. ಭಯವಿತ್ತು. ಕರೆದವರೂ ಇರಲಿಲ್ಲ.

ಗೋವಾದ ‘ನಾಕಾ’ದಲ್ಲಿ ಇದೇ ತೂತು. ಕಾಡು ಬೇಕು ಎಂದು ಶುರುವಾದ ಮಾತು ಹತ್ತು ನಿಮಿಷದಲ್ಲಿ ‘ಹೊರಗಿನವರು’ ಎನ್ನುವಲ್ಲಿಗೆ ಜಾರುತ್ತದೆ. ಗುಡ್ಡ ಕೊಂಡವನು ದಿಲ್ಲಿಯವನು, ಮಾರಿದವನು ಇಲ್ಲಿಯ ಭಾಟ್ಕಾರ ಅಂದರೆ ಜಮೀನ್ದಾರ, ಸಹಿ ಹಾಕಿದವನು ಇಲ್ಲಿಯ ಅಧಿಕಾರಿ. ಬೈಗುಳ ಬೀಳುವುದು ಗುದ್ದಲಿ ಹಿಡಿದ ಕೊಪ್ಪಳದ ಕೂಲಿಗೆ.

ಇನ್ನೊಂದು ತೂತೂ ಇದೆ. 2020ರ ಜನವರಿಯಲ್ಲಿ ಸತ್ತರಿಯ ಗೋಳಾವಳಿಯಲ್ಲಿ ನಾಲ್ಕು ಹುಲಿ ಸತ್ತವು, ತಾಯಿ ಮತ್ತು ಮರಿಗಳು. ದನ ಕಳೆದುಕೊಂಡ ಸಿಟ್ಟಿಗೆ ವಿಷ. 2023ರ ಜುಲೈನಲ್ಲಿ ಹೈಕೋರ್ಟ್, ಮಹದಾಯಿ ಅಭಯಾರಣ್ಯವನ್ನು ಹುಲಿ ಸಂರಕ್ಷಿತ ಪ್ರದೇಶ ಮಾಡಿ, ಮೂರು ತಿಂಗಳು ಸಮಯ ಎಂದಿತು. ‘ಮ್ಹಾದಯ್ ನಮ್ಮ ತಾಯಿ’ ಎಂದು ವಿಧಾನಸಭೆಯಲ್ಲಿ ಎದೆ ತಟ್ಟಿಕೊಂಡ ಸರ್ಕಾರ ಸುಪ್ರೀಂ ಕೋರ್ಟಿಗೆ ಓಡಿತು. ಕರ್ನಾಟಕದ ವಿರುದ್ಧ ತಾಯಿ, ಸತ್ತರಿಯ ಓಟಿನ ಮುಂದೆ ತಾಯಿಯೂ ಇಲ್ಲ ಹುಲಿಯೂ ಇಲ್ಲ. ನಾವೇನೂ ಕಮ್ಮಿಯಿಲ್ಲ. ಕಳಸಾ ನಾಲೆಗೆ ಕಾಡು ಬಿಟ್ಟುಕೊಡುವ ಒಪ್ಪಿಗೆ ತಡವಾದಾಗ ಕರ್ನಾಟಕ ಕೇಳಿದ್ದು, ಹಾಗಾದರೆ ಗೋವಾದ ವಿದ್ಯುತ್ ಲೈನು ನಮ್ಮ ಕಾಡಿನಲ್ಲಿ ಯಾಕೆ ಹೋಗಬೇಕು ಎಂದು. ಪ್ರಶ್ನೆ ಸರಿಯೇ. ಆದರೆ ನೀರು ಸಿಕ್ಕಿದ್ದರೆ ಅದೇ ಕಾಡು ನೆನಪಾಗುತ್ತಿತ್ತಾ?

ನನ್ನದೇ ಹೊಟ್ಟೆಪಾಡಿನ ಕಥೆಯನ್ನೂ ಹೇಳಬೇಕು, ಇಲ್ಲದಿದ್ದರೆ ಸುಮ್ನೆ ಬೇರೆಯವರಿಗೆ ಬುದ್ಧಿ ಹೇಳಿದ ಹಾಗಾಗುತ್ತದೆ. 2012ರವರೆಗೆ ನನ್ನ ಅಂಗಡಿ ನಡೆಯುತ್ತಿದ್ದದ್ದು ಅದಿರು ಲಾರಿಗಳಿಂದ. ಉಸ್ಗಾಂವ್ ರಸ್ತೆಯಲ್ಲಿ ಬೆಳಗಿನಿಂದ ಸಂಜೆ ತನಕ ಸಾಲು ಮುರಿಯುತ್ತಿರಲಿಲ್ಲ. ರಸ್ತೆ, ಮರ, ನಮ್ಮ ಕೂದಲು ಎಲ್ಲ ಕೆಂಪು. ದಿನಕ್ಕೆ ಹದಿನೈದು ಇಪ್ಪತ್ತು ಟೈರ್. ಆ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಗಣಿ ನಿಲ್ಲಿಸಿತು, ಅಕ್ಟೋಬರ್ 5ರಂದು ಸುಪ್ರೀಂ ಕೋರ್ಟೂ ತಡೆ ಹಾಕಿತು. ಮರುವಾರ ರಸ್ತೆ ಖಾಲಿ. ಮೂವರು ಹುಡುಗರನ್ನು ಊರಿಗೆ ಕಳಿಸಿದೆ, ಕಂಪ್ರೆಸರ್ ಕಂತು ಕಟ್ಟಲು ಹೆಂಡತಿಯ ಬಳೆ ಅಡವಿಟ್ಟೆ. ಆ ದಿನಗಳಲ್ಲಿ ಯಾರಾದರೂ ಬಂದು ‘ಪರಿಸರ ಉಳಿಯಿತು’ ಎಂದಿದ್ದರೆ ಸ್ಪ್ಯಾನರ್ ಎತ್ತಿ ಹೊಡೆಯುತ್ತಿದ್ದೆ. ಅದೇ ಹೊತ್ತಿಗೆ ಗದ್ದೆಗೆ ಗಣಿಯ ಕೆಸರು ನುಗ್ಗಿ ಭತ್ತ ಬೆಳೆಯುವುದನ್ನೇ ಬಿಟ್ಟಿದ್ದ ಗಿರಾಕಿಯೊಬ್ಬರು, ‘ಹತ್ತು ವರ್ಷದಲ್ಲಿ ಮೊದಲ ಸಲ ಕಾಲುವೆಯಲ್ಲಿ ತಿಳಿ ನೀರು ನೋಡಿದೆ’ ಎಂದರು. ನಾವಿಬ್ಬರೂ ಒಂದೇ ಪಕ್ಷಕ್ಕೆ ಓಟು ಹಾಕಿದವರು. ಪಕ್ಷದ ಬೇಲಿಗಿಂತ ಹೊಟ್ಟೆಯ ಬೇಲಿ ಎತ್ತರ ಎಂದು ಅವತ್ತು ಗೊತ್ತಾಯಿತು.

ಒಂದು ವರ್ಷ ಮೊದಲೇ, 2011ರ ಜುಲೈನಲ್ಲಿ, ಬಳ್ಳಾರಿಯಲ್ಲೂ ಗಣಿ ನಿಂತಿತ್ತು. ಅಲ್ಲೂ ನಿಲ್ಲಿಸಿದ್ದು ಕೋರ್ಟು. ಅದಕ್ಕೆ ಮುಂಚೆ ಒಂದು ಪಕ್ಷ ಪಾದಯಾತ್ರೆ ಮಾಡಿತ್ತು, ಗಣಿ ನಿಂತ ಬೆನ್ನಿಗೇ ಲೋಕಾಯುಕ್ತ ವರದಿಯ ಮೇಲೆ ಇನ್ನೊಂದು ಪಕ್ಷದ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಸಂಡೂರಿನ ಗುಡ್ಡ ಯಾರ ಕಣ್ಣಿಗೂ ಗುಡ್ಡವಾಗಿ ಕಾಣಲಿಲ್ಲ.

ಹಾಗಂತ ಕನ್ನಡದವರಿಗೆ ‘ಬೇಡ’ ಎನ್ನಲು ಬರುವುದಿಲ್ಲ ಎಂದಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯವರು ಮರ ತಬ್ಬಿ ನಿಂತರು, ಅದೇ ಅಪ್ಪಿಕೋ. ಅದೇ ಸುಮಾರಿಗೆ ಬೇಡ್ತಿ ಜಲವಿದ್ಯುತ್ ಯೋಜನೆ ಬೇಡ ಎಂದು ಅಡಿಕೆ ಬೆಳೆಗಾರರು ವಿಜ್ಞಾನಿಗಳನ್ನು ಕರೆಸಿ, ಲಾಭ ಎಷ್ಟು ನಷ್ಟ ಎಷ್ಟು ಎಂದು ಲೆಕ್ಕ ಹಾಕಿಸಿದರು. ಘೋಷಣೆ ಕೂಗುವ ಬದಲು ಲೆಕ್ಕದ ಪುಸ್ತಕ ಮುಂದಿಟ್ಟದ್ದು ನನಗೆ ಈಗಲೂ ಖುಷಿ ಕೊಡುವ ಸಂಗತಿ. ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು. ಆದರೆ ಬಯಲುಸೀಮೆಯ ನಮಗೆ ಇದೆಲ್ಲ ‘ಘಟ್ಟದವರ ವಿಷಯ’. ನಮ್ಮೂರ ಶಾಲೆಯಲ್ಲಿ ಅಪ್ಪಿಕೋ ಎಂಬ ಪದವನ್ನು ನಾನು ಕೇಳಲೇ ಇಲ್ಲ.

ಈಗ ರಾಜ್ಯದ ಎಲ್ಲ ಪಕ್ಷಗಳೂ ಕೂಡಿ ಹೇಳುವ ‘ಬೇಡ’ ಒಂದೇ. ಕಸ್ತೂರಿರಂಗನ್ ವರದಿ ಬೇಡ! 2024ರ ಜುಲೈನಲ್ಲಿ ಕೇಂದ್ರ ಆರನೇ ಸಲ ಕರಡು ಅಧಿಸೂಚನೆ ಹೊರಡಿಸಿತು. ಪಶ್ಚಿಮಘಟ್ಟದ 56,825 ಚದರ ಕಿಲೋಮೀಟರ್ ಸೂಕ್ಷ್ಮ ಪ್ರದೇಶ, ಅದರಲ್ಲಿ ಕರ್ನಾಟಕದ್ದು 20,668, ಗೋವಾದ್ದು 1,461. ಹಿಂದಿನ ಬಿಜೆಪಿ ಸರ್ಕಾರ ಒಲ್ಲೆ ಎಂದಿತ್ತು, ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ ಸಂಪುಟವೂ ಒಲ್ಲೆ ಎಂದಿತು. ಗೋವಾ ಅಷ್ಟು ಜೋರಾಗಿ ಒಲ್ಲೆ ಎನ್ನದೆ, ಈ ಹಳ್ಳಿ ಬಿಡಿ ಆ ಹಳ್ಳಿ ಬಿಡಿ ಎಂದು ಚೌಕಾಸಿಗೆ ಕೂತಿತು. ನನಗೆ ಅನಿಸುವುದು, ತಪ್ಪು ಆದದ್ದು ಶುರುವಿನಲ್ಲೇ. ಕಸ್ತೂರಿರಂಗನ್‌ಗಿಂತ ಮೊದಲು ಇದೇ ಘಟ್ಟದ ಬಗ್ಗೆ ವರದಿ ಕೊಟ್ಟ 2011ರ ಗಾಡ್ಗೀಳ್ ಸಮಿತಿ ಅದನ್ನು ಗ್ರಾಮಸಭೆಗಳ ಮುಂದಿಡಿ, ಜನ ಏನೆನ್ನುತ್ತಾರೆ ಕೇಳಿ ಎಂದಿತ್ತು. ಸರ್ಕಾರ ಅದನ್ನು ತಿಂಗಳುಗಟ್ಟಲೆ ಮುಚ್ಚಿಟ್ಟಿತು. ಮಾಹಿತಿ ಹಕ್ಕಿನಲ್ಲಿ ಬಡಿದಾಡಿದ ಮೇಲೆ 2012ರಲ್ಲಿ ಹೊರಗೆ ಬಂತು. ಅಷ್ಟರಲ್ಲಿ ಹಳ್ಳಿಗೆ ತಲುಪಿದ್ದು ವರದಿಯಲ್ಲ, ‘ಒಕ್ಕಲೆಬ್ಬಿಸುತ್ತಾರೆ’ ಎಂಬ ಪುಕಾರು. ಓದದ ಕಾಗದಕ್ಕೆ ಹೆದರಿದವರನ್ನು ದಡ್ಡರು ಎನ್ನಲು ನಾನು ತಯಾರಿಲ್ಲ. ನಮ್ಮ ಮೇಷ್ಟ್ರಂಥವರು ಒಬ್ಬರು ಪ್ರತಿ ಊರಿನ ಸಭೆಯಲ್ಲಿ ಪೆನ್ನು ಹಿಡಿದು ಕೂತಿದ್ದರೆ ಕಥೆ ಬೇರೆ ಆಗುತ್ತಿತ್ತೋ ಏನೋ.

ಅಣ್ಣನ ಜೊತೆ ನಾನು ಈಗ ಮಹದಾಯಿಯ ಮಾತು ಎತ್ತುವುದಿಲ್ಲ. ಮಲಪ್ರಭೆಯ ಮಾತು ಎತ್ತುತ್ತೇನೆ. ಅಲ್ಲಿ ನಾವಿಬ್ಬರೂ ಒಂದೇ ಪಕ್ಷ. ನವಿಲುತೀರ್ಥದ ಅಣೆಕಟ್ಟು ಸುಮಾರು 37 ಟಿಎಂಸಿಯದು, ಎಷ್ಟೋ ವರ್ಷ ತುಂಬುವುದೇ ಇಲ್ಲ. ಕಾಲುವೆಯ ತಲೆಭಾಗದವರು ಕಬ್ಬು ಹಾಕುತ್ತಾರೆ, ಬಾಲಭಾಗದ ನಮ್ಮ ಹೊಲಕ್ಕೆ ನೀರು ಬರುವುದು ಹಬ್ಬಕ್ಕೆ ನೆಂಟರು ಬಂದ ಹಾಗೆ. ನದಿಯ ಪಾತ್ರವನ್ನೇ ಉತ್ತು ಬೆಳೆ ಇಟ್ಟಿದ್ದಾರೆ. 2019ರ ಆಗಸ್ಟಿನಲ್ಲಿ ನೀರು ಬಿಟ್ಟಾಗ ಹೊಳೆಗೆ ತನ್ನ ದಾರಿಯೇ ಸಿಗದೆ ಕೊಣ್ಣೂರಿಗೆ ನುಗ್ಗಿತು. ಅವತ್ತು ನಮ್ಮ ಚಿಕ್ಕಮ್ಮ ಕೊಣ್ಣೂರಿನ ಮಾಳಿಗೆ ಮೇಲೆ ಕೂತು ಫೋನ್ ಮಾಡಿದ್ದರು. ನೀರಿಲ್ಲ ಎಂದು ಧರಣಿ ಕೂತ ಜನ ನೀರಿನಲ್ಲಿ ಮುಳುಗಿದರು. 3.9 ಟಿಎಂಸಿ ಬರಲಿ, ಹುಬ್ಬಳ್ಳಿ ಧಾರವಾಡದವರ ಕುಡಿಯುವ ನೀರಿಗೆ ಅದು ಬೇಕು ಎನ್ನುವುದರಲ್ಲಿ ನನಗೂ ತಕರಾರಿಲ್ಲ. ಅದರಿಂದ ನಮ್ಮ ಎರೆಹೊಲಕ್ಕೆ ಗಂಗೆ ಇಳಿಯುತ್ತಾಳೆ ಎಂದು ಚುನಾವಣೆಗೊಮ್ಮೆ ಹೇಳುತ್ತಾರಲ್ಲ, ಅದನ್ನು ನಾನು ನಂಬುವುದಿಲ್ಲ. ಇದನ್ನು ಅಣ್ಣನಿಗೆ ಹೇಳಿದಾಗ ಅವನು ಬೈಯಲಿಲ್ಲ. ‘ಅದು ನಮಗೂ ಗೊತ್ತೈತಿ. ಆದ್ರ ಕೇಳೂದು ಬಿಟ್ರ ಅದೂ ಹೋಕ್ಕೈತಿ’ ಎಂದ.

ಹೋದ ಮೇ ತಿಂಗಳು ಅವನು ಗೋವಾಕ್ಕೆ ಬಂದಿದ್ದ. ವಾಪಸ್ ಬಿಡಲು ಹೋದಾಗ ಬೇಕೆಂದೇ ಚೋರ್ಲಾ ಘಾಟಿನ ದಾರಿ ಹಿಡಿದೆ. ಕಣಕುಂಬಿಯಲ್ಲಿ ಇಳಿದೆವು. ಮಲಪ್ರಭೆ ಹುಟ್ಟುವಲ್ಲಿ ಅಣ್ಣ ಚಪ್ಪಲಿ ಬಿಟ್ಟು, ನೀರು ಮುಟ್ಟಿ ತಲೆಗೆ ಹಚ್ಚಿಕೊಂಡ. ಐವತ್ತೆಂಟು ವರ್ಷ ಅದರ ನೀರಿಗೆ ಕಾದವನು ಅದರ ತವರನ್ನು ನೋಡಿದ್ದು ಅವತ್ತೇ. ಆಮೇಲೆ ಸ್ವಲ್ಪ ದೂರ ನಡೆದು ಕಳಸಾ ಹಳ್ಳದ ಕಡೆ ಹೋದೆವು. ಅಗೆದು ಬಿಟ್ಟ ನಾಲೆ, ಸುತ್ತ ಕಾಡು. ನೆಲ್ಲಿ, ನೇರಳೆ, ಹೆಸರು ಗೊತ್ತಿಲ್ಲದ ಮರಗಳು. ಮರದ ಕೆಳಗಿನ ಮಣ್ಣು ಮೇ ತಿಂಗಳಲ್ಲೂ ಕೈಗೆ ತಣ್ಣಗಿತ್ತು. ಅಣ್ಣ ಒಂದು ಹಿಡಿ ತೆಗೆದು ಹಿಸುಕಿ ನೋಡಿದ, ಹೊಲದಲ್ಲಿ ಹದ ನೋಡುವ ಹಾಗೆ.

‘ಇದು ಹಿಡದಿಟ್ಟದ್ದು ಎರಡೂ ಕಡೆ ಹೋಗತೈತಿ, ಹೌದಿಲ್ಲೋ?’ ಎಂದ.

‘ಹೌದು.’

ಚಹಾ ಕುಡಿಯುವಾಗ ಕಾರಿನಿಂದ ಅಂಗಡಿಯ ಬಿಲ್ ಬುಕ್ ತಂದೆ. ಒಂದು ಹಾಳೆ ಹರಿದು ಹಿಂದೆ ಬರೆದೆ: ‘ಖಾನಾಪುರದ ಕಾಡು ಕಡಿಯಬಾರದು.’ ಕೆಳಗೆ ನನ್ನ ಸಹಿ. ‘ಇದಕ್ಕ ಸಹಿ ಹಾಕ್ತೀಯೇನಣ್ಣ?’

ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ‘ಹಾಕ್ತೀನಿ. ಅದರ ಜೋಡಿ ನೀರೂ ಬೇಕು ಅಂತ ಬರಿ.’

‘ಅದನ್ನ ಈ ಹಾಳ್ಯಾಗ ಬರಿಯೂದು ಬ್ಯಾಡ. ಬರದ್ರ ನಮ್ಮ ಫೋಂಡಾದ ಮಾಸ್ತರು ಸಹಿ ಹಾಕಂಗಿಲ್ಲ.’

ಸ್ವಲ್ಪ ಹೊತ್ತು ಯೋಚನೆ ಮಾಡಿ ಸಹಿ ಹಾಕಿದ. ಹಾಳೆ ಮಡಚಿ ಕಿಸೆಗಿಟ್ಟುಕೊಂಡ. ‘ಊರಾಗ ಒಯ್ದು ತೋರಸ್ತೀನಿ, ಯಾರ್ಯಾರು ಹಾಕ್ತಾರ ನೋಡೂಣು.’

ಮೊನ್ನೆ ಫೋನ್ ಮಾಡಿದ್ದ. ಹನ್ನೊಂದು ಸಹಿ ಆಗಿದೆಯಂತೆ. ಅದರಲ್ಲಿ ಮೂವರು ಅವನು ಹತ್ತು ವರ್ಷದಿಂದ ಮಾತು ಬಿಟ್ಟ ಪಕ್ಷದವರು. ಪೆಂಡಾಲಿನ ಹಳೇ ಗೆಳೆಯ ಒಬ್ಬ ಮಾತ್ರ ಹಾಳೆಯನ್ನು ಒಂದು ವಾರ ಮನೆಯಲ್ಲೇ ಇಟ್ಟುಕೊಂಡು, ಸಹಿ ಹಾಕದೆ ವಾಪಸ್ ಕೊಟ್ಟನಂತೆ. ಹಿಂದಿನ ಕಡೆ ಟೈರಿನ ರೇಟು ನೋಡಿ, ‘ನಿನ್ನ ತಮ್ಮ ಭಾಳ ತುಟ್ಟಿ ಅದಾನ’ ಎಂದನಂತೆ.